ರಸೀದಿ ನಲವತ್ತೊಂದು

ಚುನಾವಣೆ ಘೋಷಣೆಯಾದ ಮೂರನೇ ದಿನ
ಕಾರವಾರದಿಂದ ಆದೇಶ ಬಂತು, ಒಂದೂವರೆ ಪುಟ.
ಜಿಲ್ಲೆಯ ಸಮಸ್ತ ಪರವಾನಗಿದಾರರು
ಏಳು ದಿನದೊಳಗೆ ಆಯುಧ ಠಾಣೆಗೆ ಒಪ್ಪಿಸತಕ್ಕದ್ದು.
ನಾನು ಅಂಕೋಲೆ ಠಾಣೆಯ ರೈಟರ್.
ಒಪ್ಪಿಸಿದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸ.

ಬಂದವು ಕೋವಿಗಳು,
ಗೋಣಿಯಲ್ಲಿ ಸುತ್ತಿ, ಹಳೆ ಸೀರೆಯಲ್ಲಿ ಸುತ್ತಿ,
ಒಂದು, ಟೆಂಪೋದಲ್ಲಿ ಅಜ್ಜಿಯ ಮಡಿಲ ಮೇಲೆ ಮಲಗಿ.
ಹೆಚ್ಚಿನವು ಕೇಪಿನ ಕೋವಿ, ಹಿಡಿಕೆಗೆ ತಂತಿ ಬಿಗಿದವು,
ಹಂದಿಗಿಂತ ಹೊಡೆಯುವವನಿಗೇ ಹೆದರಿಕೆ ಹುಟ್ಟಿಸುವಂಥವು.
ಮಾಲಖಾನೆಯ ಗೋಡೆಗೆ ಒರಗಿಸಿ ನಿಲ್ಲಿಸಿದೆ
ರೇಷನ್ ಅಂಗಡಿಯ ಮುಂದಿನ ಸಾಲಿನಂತೆ.
ಒಂದೊಂದರ ಕೊರಳಿಗೆ ಒಂದು ಚೀಟಿ.

ನಲವತ್ತೊಂದನೆಯದು ಬುದವಂತ ಗೌಡನದು.
ರಸೀದಿ ಇಸಕೊಂಡವನು ಹೋಗಲಿಲ್ಲ.
"ಒಡ್ಯಾ, ನಾ ಏನ್ ತಪ್ಪು ಮಾಡಿದೆ?"
ಯಾರೂ ತಪ್ಪು ಮಾಡಿಲ್ಲ ಮಾರಾಯಾ, ಎಲ್ಲರಿಗೂ ಇದೇ.
"ಎಲ್ಲರಿಗೂ ಅಂದ್ರೆ, ನನ್ನ ಕೇಳಿದಾಂಗೆ ಆಯ್ತಾ?"

ಗದ್ದೆಯಲ್ಲಿ ಶೇಂಗಾ ಕಾಯಿ ಕಟ್ಟುವ ಹೊತ್ತು.
ನೆಲದಡಿಯ ಕಾಯಿಯ ವಾಸನೆ
ಹಂದಿಯ ಮೂತಿಗೆ ಮುಟ್ಟಲು ಗೆಜೆಟ್ಟು ಬೇಡ.
ಅವನು ಕೊಲ್ಲುವವನೂ ಅಲ್ಲ. ರಾತ್ರಿಗೊಂದು ಈಡು, ಆಕಾಶಕ್ಕೆ.
ಇಡೀ ಕೊಪ್ಪಕ್ಕೆ ಗೊತ್ತು, ಅದು ಬುದವಂತ ಕೆಮ್ಮಿದ್ದು ಅಂತ.

ನನಗೂ ಒಂದು ಮಾತಿತ್ತು. ಹೇಳಲಿಲ್ಲ.
ಕಪಾಟಿನ ಹಿಂದೆ ಒಂದು ಜೋಡುನಳಿಗೆ ಇದೆ,
ಹದಿನಾರು ವರ್ಷದಿಂದ ಯಾರೂ ಬಿಡಿಸಿಕೊಳ್ಳಲು ಬಂದಿಲ್ಲ.
ಪಂಚಾಯ್ತಿ ಮತ ಎಣಿಕೆಯ ಸಂಜೆ,
ಇಬ್ಬರು ದಾಯಾದಿಗಳು, ಹನ್ನೊಂದು ಮತದ ಅಂತರ.
ಹೆಣ ಇಳಿಸುವಾಗ ಕಾಲಿನ ಕಡೆ ಹಿಡಿದವನು ನಾನು.
ಒಂದು ಚಪ್ಪಲಿ ಇತ್ತು. ಇನ್ನೊಂದನ್ನು
ಹುಡುಕಿದೆವು, ಯಾಕೋ, ಬಹಳ ಹೊತ್ತು.
ಆದೇಶದ ಭಾಷೆ ಎಷ್ಟೇ ಒಣಗಿದ್ದರೂ
ಅದರ ಬುಡದಲ್ಲಿ ಎಲ್ಲೋ ಆ ಚಪ್ಪಲಿ ಇದೆ.

ಬುದವಂತ ಧಾರವಾಡಕ್ಕೆ ಹೋದ.
ಅರಬೈಲು ಘಟ್ಟ ಹತ್ತುವಾಗ ಎರಡು ಸಲ ವಾಂತಿಯಂತೆ.
ಹೈಕೋರ್ಟಿನ ನೆಲದಲ್ಲಿ ಮುಖ ಕಾಣುತ್ತಿತ್ತು,
ಅದಕ್ಕೇ ಅಂಚಿನಲ್ಲಿ ನಡೆದನಂತೆ.
ಪಾವಸ್ಕರ ಬಾಯಿ ಕರಿಕೋಟು ಸರಿಮಾಡಿ ಎದ್ದು
ವಿಧಿ ಹದಿನಾಲ್ಕು ಅಂದರು, ವಿಧಿ ಇಪ್ಪತ್ತೊಂದು ಅಂದರು.
ಅವನಿಗೆ ಗೊತ್ತಿದ್ದ ವಿಧಿ ಒಂದೇ,
ಹುಟ್ಟಿದ ಆರನೇ ರಾತ್ರಿ ಹಣೆಯ ಮೇಲೆ ಬರೆಯುವುದು,
ಯಾವ ಕಚೇರಿಯಲ್ಲೂ ಅದಕ್ಕೆ ಅಪೀಲಿಲ್ಲ.
ಇಲ್ಲಿ ನೋಡಿದರೆ ವಿಧಿಗಳಿಗೆ ನಂಬರುಂಟು,
ಬೆರಳಿಟ್ಟು ತೋರಿಸಬಹುದು,
ಮೇಲೆ ಕೂತವರು ಕನ್ನಡಕ ಹಾಕಿ ಓದುತ್ತಾರೆ.
"ಬಂದೂಕು ಹಕ್ಕಲ್ಲ" ಅಂದರಂತೆ ಸರಕಾರದ ವಕೀಲರು.
"ಒಪ್ಪಿದೆ," ಅಂದರಂತೆ ಬಾಯಿ,
"ಕಿತ್ತುಕೊಳ್ಳುವ ಮುಂಚೆ ಒಂದು ಮಾತು ಕೇಳಲಿ. ಇವರು ಕೇಳುವುದು ಅಷ್ಟೇ."

ಮೂರು ಮುದ್ದತು. ಅಷ್ಟರಲ್ಲಿ ಮತದಾನ ಮುಗಿಯಿತು,
ಶೇಂಗಾವೂ ಮುಗಿಯಿತು.
ಗದ್ದೆ ಉತ್ತಂತೆ ಕಾಣುತ್ತಿತ್ತು, ಉತ್ತವರು ಬೇರೆ.
ಆಮೇಲೆ ತೀರ್ಪು: ಸಾರಾಸಗಟು ಆದೇಶ ರದ್ದು.
ಹೆಸರು ಹಿಡಿದು, ಕಾರಣ ಬರೆದು, ಅವನ ಮಾತು ಕೇಳಿದ ಮೇಲೆ ಮಾತ್ರ.
ನನ್ನ ಟೇಬಲ್ಲಿಗೂ ಒಂದು ಪ್ರತಿ ಬಂತು.
ಒಂಬತ್ತು ಪುಟದಲ್ಲಿ ಬುದವಂತ ಬೊಮ್ಮು ಗೌಡ ಅಂತ
ಹನ್ನೆರಡು ಸಲ ಇತ್ತು. ಎಣಿಸಿದೆ.

ಬಿಡಿಸಿಕೊಳ್ಳಲು ಬಂದಾಗ ನಳಿಗೆಯಲ್ಲಿ ಜೇಡ ಮನೆ ಮಾಡಿತ್ತು.
ಊದಿದ.
ಗೆದ್ದೆಯಲ್ಲೋ, ಅಂದೆ.
"ಹಂದಿ ಗೆದ್ದದ್ದು ಒಡ್ಯಾ, ನಾ ಎರಡನೇದು."

ಮುಂದಿನದು ಪಂಚಾಯ್ತಿ ಚುನಾವಣೆ.
ನೂರ ಅರವತ್ತು ನೋಟೀಸು ಬರೆದೆ, ಕೈ ಬಿದ್ದುಹೋಯಿತು.
ಅವನ ಮನೆಗೆ ನಾನೇ ಬೈಕಿನಲ್ಲಿ ಹೋಗಿ
ಇಶಾಡು ಮಾವಿನ ಕೆಳಗೆ ನಿಂತು ಓದಿದೆ:
ತಮ್ಮ ಆಯುಧವನ್ನು ಯಾಕೆ ಇರಿಸಿಕೊಳ್ಳಬಾರದು,
ಹೇಳುವುದಿದ್ದರೆ ಹೇಳತಕ್ಕದ್ದು.
ಬಹಳ ಹೊತ್ತು ಸುಮ್ಮನಿದ್ದ.
ಈ ಸಲ ಅವನ ತಮ್ಮನೇ ಉಮೇದುವಾರ.
ಎರಡು ಮನೆಯ ನಡುವೆ ಹೊಸ ಬೇಲಿ, ಗೂಟ ಇನ್ನೂ ಹಸಿ.
ಒಳಗೆ ಹೋದವನು ಗೋಣಿಯ ಕಟ್ಟು ತಂದು ಕೈಗಿಟ್ಟ.
"ಕೇಳದೆ ತಕಂಡ್ರಿ, ಅದ್ಕೆ ಧಾರವಾಡ.
ಈಗ ಕೇಳಿದ್ರಿ. ತಕಂಡ್ ಹೋಗಿ."

ಬೈಕಿನ ಸೀಟಿನ ಮೇಲೆ ರಸೀದಿ ಬರೆಯುತ್ತಿದ್ದಾಗ
ಗುಡ್ಡದ ಕಡೆ ಒಣ ಎಲೆಯ ಸದ್ದು.
ಇಬ್ಬರೂ ತಿರುಗಿದೆವು.
ಅವನು ಎರಡೂ ಕೈ ಎತ್ತಿ
ಜೋರಾಗಿ ಒಂದು ಚಪ್ಪಾಳೆ ಹೊಡೆದ, ಆಕಾಶಕ್ಕೆ.